ಗೂಢಜಪುತ್ರನೂ ಪಿತೃತ್ವವಿವಾದವೂ

ಶಿವಮೊಗ್ಗೆ ಸೀಮೆಯ ಬಳ್ಳಿಗಾವೆಯನ್ನೂ ಆಳಿದ ಆರನೆಯ ವಿಕ್ರಮಾದಿತ್ಯನ (1076-1126) ಕಲ್ಯಾಣದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯೆಯನ್ನು ರಚಿಸಿದನು. ಅಲ್ಲಿ ವಿವೃತರಾದ ದ್ವಾದಶಪುತ್ರರಲ್ಲಿ ಗೂಢಜನೂ ಒಬ್ಬನು. ಪತಿಗೃಹದಲ್ಲಿ ಗುಪ್ತವಾಗಿ ಹುಟ್ಟಿದ, ಜನಕನಾರೆಂದು ತಿಳಿಯದ ಈತನು ಪತಿಗೇ ಮಗನೆನಿಸಿದನು.

1872ರ ಸಾಕ್ಷ್ಯದ ಕಾಯಿದೆಯ 112ನೆಯ ಪ್ರಕರಣವು ಇದರಿಂದ ಹುಟ್ಟಿದುದಲ್ಲ; ಆದರೂ ಫಲವು ಸದೃಶವಾದುದು. 2024ರಿಂದ ಹೊಸ ಅಧಿನಿಯಮದ 116ನೆಯ ಪ್ರಕರಣವಾಗಿ ಉಳಿದಿರುವ ಈ ವಿಧಿಯಂತೆ, ದಾಂಪತ್ಯವಿರುವಾಗ ಜನಿಸಿದ ಶಿಶುವು ಪತಿಯ ಔರಸಸಂತಾನವೇ. ಬಹುಕಾಲ ಅಗಲಿದ್ದ ಪತಿಯು ಪಿತೃತ್ವವನ್ನೂ ಜೀವನಾಂಶವನ್ನೂ ನಿರಾಕರಿಸಬೇಕಾದರೆ, ಸಮಾಗಮಕ್ಕೆ ಅವಕಾಶವೇ ಇರಲಿಲ್ಲವೆಂದು ತಾನೇ ಸ್ಥಾಪಿಸಬೇಕು. ಬೇರೆ ವಾಸವೊಂದೇ ಸಾಲದು.

2014ರಲ್ಲಿ ಇಂತಹ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟು ಡಿ.ಎನ್.ಎ. ಪರೀಕ್ಷೆಯ ಫಲವನ್ನೇ ಪ್ರಬಲವೆಂದೆಣಿಸಿ ಪತಿಯನ್ನು ಹೊಣೆಯಿಂದ ಬಿಡಿಸಿತು. ಅದುವರೆಗೆ ಕೊಟ್ಟ ಹಣವನ್ನು ಮಾತ್ರ ಹಿಂದಕ್ಕೆ ಪಡೆಯಗೊಡಲಿಲ್ಲ. ಜನಕನಾರೆಂಬುದು ಈಗ ಗೂಢವಲ್ಲ. ಪೋಷಕನಾರೆಂಬ ಹಳೆಯ ಪ್ರಶ್ನೆಯಾದರೋ ಮಗುವಿನ ಪಾಲಿಗೆ ಹಾಗೆಯೇ ಉಳಿದಿದೆ.