ಉತ್ತರಾಯಣ ಯಾವತ್ತು ಶುರು?

ಧನುರ್ಮಾಸ ಮುಗಿದು ಉತ್ತರಾಯಣ ಬರಲಿ, ಆಮೇಲೆ ಗೃಹಪ್ರವೇಶ ಅಂತಾರೆ ಮನೆ ಹಿರಿಯರು. ಅಲ್ಲೀವರೆಗೆ ನಾವು ಸಾಲದ ಕಂತೂ ಕಟ್ತೀವಿ, ಬಾಡಿಗೆನೂ ಕಟ್ತೀವಿ. ಆದರೆ ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 22ರ ಹೊತ್ತಿಗೆ. ನಮ್ಮ ಸಂಕ್ರಾಂತಿ ಬರೋದು ಜನವರಿ 14 ಅಥವಾ 15ಕ್ಕೆ.

ಸುಮಾರು 1700 ವರ್ಷಗಳ ಹಿಂದೆ ಇವೆರಡೂ ಒಟ್ಟಿಗೇ ಬರ್ತಿದ್ದವು. ಪಂಚಾಂಗ ವರ್ಷವನ್ನು ಅಳೆಯುವುದು ನಕ್ಷತ್ರಗಳ ಲೆಕ್ಕದಲ್ಲಿ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುವುದರಿಂದ ಆ ವರ್ಷ ಋತುಗಳ ವರ್ಷಕ್ಕಿಂತ 20 ನಿಮಿಷಕ್ಕೂ ಹೆಚ್ಚು ಉದ್ದ. ಹೀಗೆ ಸುಮಾರು 70 ವರ್ಷಕ್ಕೆ ಒಂದು ದಿನ ಸರಿಯುತ್ತದೆ. ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನವೇ. ಅದು 1863ರ ಜನವರಿ 12.

ಈ ವ್ಯತ್ಯಾಸ ಸರಿಪಡಿಸೋಕೆ 1952ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ನೇತೃತ್ವದ ಸಮಿತಿ ಕೂತಿತು. 1957ರ ಮಾರ್ಚ್ 22ರಿಂದ ಸರ್ಕಾರ ಋತುಗಳಿಗೆ ಹೊಂದುವ ಶಕ ಕ್ಯಾಲೆಂಡರನ್ನು ಜಾರಿಗೆ ತಂದಿತು. ಅದು ಗೆಜೆಟ್ಟಿನಲ್ಲಿ, ಆಕಾಶವಾಣಿಯಲ್ಲಿ ಉಳೀತು. ಮುಹೂರ್ತಗಳು ಮಾತ್ರ ಹಳೇ ಲೆಕ್ಕದಲ್ಲೇ ನಡೆದವು.

ಪಂಚಾಂಗದ ಗಣಿತ ತಪ್ಪು ಅಂತಲ್ಲ. ಸೂರ್ಯ ಮಕರ ರಾಶಿಗೆ ಬಂದ ದಿನವನ್ನ ಅದು ಹೇಳತ್ತೆ, ನಾವು ಅದನ್ನೇ ಉತ್ತರಾಯಣ ಅಂತ ಓದ್ತೀವಿ. ಧನುರ್ಮಾಸ ಕಳೀಲಿ ಅಂತ ಕಾಯೋದು ನಂಬಿಕೆ, ಅದು ಅವರವರಿಗೆ ಬಿಟ್ಟಿದ್ದು. ಉತ್ತರಾಯಣಕ್ಕೆ ಅಂತ ಕಾಯೋದಾದರೆ, ಸೂರ್ಯ ಮೂರು ವಾರ ಮುಂಚೆಯೇ ಹೊರಟಿರ್ತಾನೆ.