ದೆಯೋಗ್ರಾತಿಯಾಸರ ಬೇಸರ, ಸಂತ ಅಗಸ್ಟೀನರ ಉತ್ತರ

ಕ್ರಿ.ಶ. 400ರ ಸುಮಾರಿಗೆ ಕಾರ್ಥೇಜ್ ನಗರದ ಡೀಕನ್ ದೆಯೋಗ್ರಾತಿಯಾಸ್ ಎಂಬವರು ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರಲ್ಲಿ ತಮ್ಮದೊಂದು ತೊಡಕನ್ನು ತೋಡಿಕೊಂಡರು. ಕ್ರೈಸ್ತ ವಿಶ್ವಾಸವನ್ನು ಮೊದಲ ಬಾರಿಗೆ ಅರಿಯಬಯಸುವವರನ್ನು ಜನರು ಅವರ ಬಳಿಗೆ ಕರೆತರುತ್ತಿದ್ದರು. ವಿಶ್ವಾಸಜ್ಞಾನ, ವಾಕ್ಸೌಂದರ್ಯ ಎರಡರಲ್ಲಿಯೂ ಅವರಿಗೆ ಹೆಸರಿತ್ತು. ಆದರೂ ಎಲ್ಲಿಂದ ಆರಂಭಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ತಿಳಿಯದೆ, ಸುದೀರ್ಘವೂ ನೀರಸವೂ ಆದ ತಮ್ಮ ಮಾತು ತಮಗೇ ರುಚಿಸದೆ ಅವರು ಬಳಲುತ್ತಿದ್ದರು.

ಅವರಿಗೆ ಉತ್ತರವಾಗಿ ಹುಟ್ಟಿದ ‘ದೆ ಕತೆಕಿಸಾಂದಿಸ್ ರುದಿಬುಸ್’, ಎಂದರೆ ಹೊಸಬರಿಗೆ ಧರ್ಮೋಪದೇಶ ನೀಡುವುದನ್ನು ಕುರಿತ ಕಿರುಗ್ರಂಥವನ್ನು, ಗುರುಮಠಗಳಲ್ಲಿ ಧರ್ಮೋಪದೇಶದ ಇತಿಹಾಸದ ಒಂದು ಪುಟವೆಂದು ಓದಿ ಮುಂದೆ ಸಾಗುವುದು ವಾಡಿಕೆ. ವಿದ್ವಾಂಸರೊಬ್ಬರು ತಮ್ಮ ಅರಿವನ್ನು ಸಾಮಾನ್ಯ ಜನರಿಗೆ ತಲುಪಿಸಲು ಮತ್ತೊಬ್ಬ ವಿದ್ವಾಂಸರು ನೀಡಿದ ನೆರವು ಎಂದು ನಾವು ಅದನ್ನು ಓದಬಯಸುತ್ತೇವೆ. ಅದಕ್ಕೊಂದು ಕಾರಣವಿದೆ. ಲೈಸೆನ್ಶಿಯೇಟ್ ಪದವಿಗಾಗಿ ಬರೆದ ಪ್ರಬಂಧದ ಸಾರವನ್ನು ಹಿಂದೊಮ್ಮೆ ನಾವು ಧರ್ಮಕೇಂದ್ರದ ಪತ್ರಿಕೆಗೆ ಬರೆದುಕೊಟ್ಟಿದ್ದೆವು. ಅಲ್ಲಿನ ಹಿರಿಯ ಉಪದೇಶಿಯೊಬ್ಬರು ಅದನ್ನು ಎರಡು ಬಾರಿ ಓದಿ, “ಸ್ವಾಮಿ, ಇದನ್ನು ಯಾರಿಗೆ ಬರೆದಿರಿ?” ಎಂದು ವಿನಯದಿಂದಲೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಅಗಸ್ಟೀನರು ವಿಧಾನದಿಂದ ಆರಂಭಿಸುವುದಿಲ್ಲ. ತಮ್ಮ ಮಾತು ತಮಗೂ ಬಹುಮಟ್ಟಿಗೆ ಹಿಡಿಸುವುದಿಲ್ಲವೆಂದು ಅವರು ಮೊದಲೇ ಒಪ್ಪಿಕೊಳ್ಳುತ್ತಾರೆ. ಅರಿವು ಮನಸ್ಸಿನಲ್ಲಿ ಮಿಂಚಿನಂತೆ ಹೊಳೆದು ಮರೆಯಾಗುತ್ತದೆ. ಮಾತಾದರೋ ತೆವಳುತ್ತ ಅದರ ಹಿಂದೆ ಬರುತ್ತದೆ. ಆದರೆ ಹೇಳುವವನ ಈ ಅತೃಪ್ತಿಯಿಂದ ಕೇಳುವವನಿಗೆ ಏನೂ ದಕ್ಕಲಿಲ್ಲವೆಂದು ತೀರ್ಮಾನಿಸಲಾಗದು. 384ರಲ್ಲಿ ಮಿಲಾನಿನಲ್ಲಿ ವಾಗ್ಮಿತೆಯ ಪ್ರಾಧ್ಯಾಪಕರಾಗಿ ನೇಮಕಗೊಂಡು, ಶುದ್ಧ ಲತೀನನ್ನೇ ಜೀವನೋಪಾಯವಾಗಿಸಿಕೊಂಡಿದ್ದವರು ಹೀಗೆ ನುಡಿಯುವುದು ಸಣ್ಣ ಮಾತಲ್ಲ.

ಮುಂದೆ ಅವರು ಬೇಸರದ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ. ನಮಗೆ ಹಳತಾದುದನ್ನೇ ಮತ್ತೆ ಮತ್ತೆ ಹೇಳುವ ಬೇಸರಕ್ಕೆ ಅವರು ಕೊಡುವ ಮದ್ದು ಸೊಗಸಾದುದು: ನಾವು ನಿತ್ಯ ಗಮನಿಸದೆ ದಾಟುವ ಊರನ್ನು, ಹೊಲಗದ್ದೆಗಳನ್ನು ಅವನ್ನೆಂದೂ ಕಾಣದ ಗೆಳೆಯನಿಗೆ ತೋರಿಸುವಾಗ ಅವನ ಬೆರಗಿನಿಂದ ನಮ್ಮ ಕಣ್ಣಿಗೂ ಅವು ಹೊಸತಾಗುವುದಿಲ್ಲವೆ? ಕೇಳುಗರ ದೇಹದ ದಣಿವನ್ನೂ ಅವರು ಮರೆಯುವುದಿಲ್ಲ. ತಾವು ಉಪದೇಶಿಸುತ್ತಿದ್ದಾಗ ಹಳ್ಳಿಗನೊಬ್ಬನು ನಡುವೆಯೇ ಹೊರಟುಹೋದುದನ್ನು ನೆನೆದು, ನಿಂತು ಕೇಳುವವರಿಗೆ ಆಸನ ಕೊಡಿರೆಂದು ಸೂಚಿಸುತ್ತಾರೆ. (ನಮ್ಮ ಪ್ರಬೋಧನೆಗಳಲ್ಲಿ ಆಸನಕ್ಕೆ ಕೊರತೆಯಿಲ್ಲ, ಹೊರಟುಹೋಗುವವರು ಕುಳಿತಲ್ಲಿಂದಲೇ ಹೊರಟಿರುತ್ತಾರೆ.) ಪಂಚಗ್ರಂಥಗಳನ್ನೂ ಅರಸರ ಗ್ರಂಥಗಳನ್ನೂ ಸಂಪೂರ್ಣವಾಗಿ ಒಪ್ಪಿಸಬೇಕಾಗಿಲ್ಲ, ಬೆರಗು ಹುಟ್ಟಿಸುವ ಕೆಲವೆಡೆ ನಿಂತು ಉಳಿದುದನ್ನು ಬೇಗನೆ ದಾಟಬೇಕು ಎಂಬುದು ಅವರ ಇನ್ನೊಂದು ಸಲಹೆ.

ಇದೆಲ್ಲ ಕೇವಲ ಉಪದೇಶವಾಗಿರಲಿಲ್ಲ. 393ರ ಸುಮಾರಿಗೆ, ಇನ್ನೂ ಗುರುವಾಗಿದ್ದಾಗಲೇ, ಅವರು ದೊನಾತಿಸ್ಟ್ ಪಂಗಡದ ವಿರುದ್ಧ ಒಂದು ಗೀತೆಯನ್ನು ರಚಿಸಿದ್ದರು. ಜನರು ನೆನಪಿಡಲೆಂದು ಅದರ ಚರಣಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ಪಲ್ಲವಿಯನ್ನೂ ಇಟ್ಟರು. ಶಾಸ್ತ್ರೀಯ ಛಂದಸ್ಸನ್ನು ಮಾತ್ರ ಕೈಬಿಟ್ಟರು. ಛಂದಸ್ಸಿನ ಕಟ್ಟಿಗೆ ಒಳಗಾದರೆ ಜನಬಳಕೆಯಲ್ಲಿಲ್ಲದ ಪದವನ್ನು ತರಬೇಕಾದೀತೆಂಬುದು ಅವರೇ ಮುಂದೆ ಕೊಟ್ಟ ಕಾರಣ. ಆದರೆ ವಿಷಯವನ್ನು ಅವರು ಕೈಬಿಡಲಿಲ್ಲ. ಹಿಂಸೆಯ ಕಾಲದಲ್ಲಿ ಶ್ರೀಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದವರು ಯಾರು ಎಂಬ ಜಟಿಲ ಇತಿಹಾಸವೇ ಆ ಗೀತೆಯ ತಿರುಳು. ಕಾವ್ಯವಾಗಿ ಅದು ಉತ್ತಮವೆಂದು ನಾವು ಹೇಳಲಾರೆವು. ಪಕ್ಷವಾದವಂತೂ ಅದರಲ್ಲಿ ತುಂಬಿದೆ. ಆದರೆ ಸರಳಗೊಳಿಸುವುದೆಂದರೆ ವಿಷಯವನ್ನು ತೆಳುವಾಗಿಸುವುದು ಎಂಬ ನಮ್ಮ ಪ್ರಾಧ್ಯಾಪಕವರ್ಗದ ಅಂಜಿಕೆಗೆ ಅಲ್ಲಿ ಆಧಾರ ಸಿಗುವುದಿಲ್ಲ.

426ರ ಸುಮಾರಿಗೆ ಮುಗಿಸಿದ ‘ದೆ ದೊಕ್ತ್ರೀನಾ ಕ್ರಿಸ್ತಿಯಾನಾ’ದ ನಾಲ್ಕನೆಯ ಭಾಗದಲ್ಲಿಯೂ ಈ ಚಿಂತನೆ ಮುಂದುವರಿದಿದೆ. ಲತೀನಿನಲ್ಲಿ ‘ಒಸ್’ ಎಂದು ಹ್ರಸ್ವವಾಗಿ ನುಡಿದರೆ ಮೂಳೆ, ‘ಓಸ್’ ಎಂದು ದೀರ್ಘವಾಗಿ ನುಡಿದರೆ ಬಾಯಿ. ಆಫ್ರಿಕದ ಜನರ ಕಿವಿಗೆ ಈ ಭೇದ ತಿಳಿಯುತ್ತಿರಲಿಲ್ಲ. ನಮಗೆ ಬಳೆಯೂ ಬಾಳೆಯೂ ಒಂದೇ ಎಂದು ಕೇಳಿಸಿದರೆ ಆಗುವ ಗೊಂದಲವದು. ಹಾಗಿದ್ದ ಮೇಲೆ ವೈಯಾಕರಣರು ತಪ್ಪೆನ್ನುವ ‘ಒಸ್ಸುಮ್’ ಎಂಬ ಆಡುಮಾತನ್ನೇ ಬಳಸಲು ಬೋಧಕನು ಏಕೆ ಹಿಂಜರಿಯಬೇಕು ಎಂದು ಅವರು ಕೇಳುತ್ತಾರೆ.

ದೆಯೋಗ್ರಾತಿಯಾಸರಿಗೆ ಬರೆದ ಗ್ರಂಥದ ಕೊನೆಯಲ್ಲಿ ಅವರು ಮಾಡಿರುವುದು ಇನ್ನೂ ದೊಡ್ಡದು. ದೀರ್ಘವಾದ ಒಂದು, ಹ್ರಸ್ವವಾದ ಒಂದು, ಹೀಗೆ ಎರಡು ಮಾದರಿ ಉಪದೇಶಗಳನ್ನು ತಾವೇ ರಚಿಸಿಕೊಟ್ಟಿದ್ದಾರೆ. ದೀರ್ಘವಾದುದು ನಿಜಕ್ಕೂ ದೀರ್ಘವಾಗಿದೆ. ಅದನ್ನು ಕೇಳಲು ಆಸನ ಬೇಕೇ ಬೇಕು! ಆದರೂ ಶಿಷ್ಯನ ಬರಹದಲ್ಲಿ ಕೆಂಪು ಗೆರೆ ಎಳೆಯುವ ನಾವು, ‘ಹೀಗೆ ಬರೆಯಿರಿ’ ಎಂದು ಒಂದು ಪುಟವನ್ನಾದರೂ ಬರೆದು ತೋರಿಸಿದ್ದೇವೆಯೆ?

ಈ ವರ್ಷ ನಮ್ಮ ವಿದ್ಯಾರ್ಥಿಗಳು ಪ್ರಬಂಧದ ಪ್ರತಿ ಅಧ್ಯಾಯದೊಡನೆ ಧರ್ಮಕೇಂದ್ರದ ಓದುಗರಿಗಾಗಿ ಒಂದು ಪುಟವನ್ನೂ ಬರೆಯಬೇಕೆಂದು ಕೇಳಿದ್ದೇವೆ. ಮಾದರಿಯಾಗಿ ನಮ್ಮ ಹಳೆಯ ಲೇಖನವನ್ನೇ ಮತ್ತೆ ಬರೆಯತೊಡಗಿದೆವು. ಅದರ ಮೂರನೆಯ ಕರಡು ಈಗ ಆ ಉಪದೇಶಿಯವರ ಕೈಯಲ್ಲಿದೆ.