ಶಾಲೆಯ ಬಾಗಿಲು, ಶಿಕ್ಷಕರ ಮನಸ್ಸು

ನೀವು ಓದಿದ ಪ್ರಾಥಮಿಕ ಶಾಲೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಗೋಡೆಯ ಬಣ್ಣ ಮರೆತಿರಬಹುದು. ಪುಸ್ತಕದ ಪಾಠಗಳೂ ಮರೆತಿರಬಹುದು. ಆದರೆ ತರಗತಿಯಲ್ಲಿ ನೀವು ಎಲ್ಲಿ ಕೂರುತ್ತಿದ್ದಿರಿ, ಮೇಷ್ಟ್ರು ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದರೋ ಇಲ್ಲವೋ ಎಂಬುದು ಮರೆತಿರಲಾರದು. ಕಲಿತದ್ದು ಮರೆತರೂ ಕಲಿಸಿದವರ ಮುಖಭಾವ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಶಿಕ್ಷಕರ ಮನೋಭಾವ ಮಕ್ಕಳ ಕಲಿಕೆಯನ್ನು ಹೇಗೆ ರೂಪಿಸುತ್ತದೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಹುಡುಕುತ್ತೇವೆ. ಇಂದು ಅದನ್ನು ನಮ್ಮ ಇತಿಹಾಸದಲ್ಲಿಯೇ ಹುಡುಕೋಣ. ಅದಕ್ಕಾಗಿ ನಾವು ಮೊದಲು ಹೋಗಬೇಕಾದುದು ಧಾರವಾಡಕ್ಕೆ.

ಧಾರವಾಡದ ಒಂದು ಅರ್ಜಿ

1856ನೆಯ ಇಸವಿ. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿ ಸರ್ಕಾರದ ಮುಂದೆ ಒಂದು ಅರ್ಜಿ ಬಂದಿತು. ಅರ್ಜಿದಾರ ಒಬ್ಬ ಮಹಾರ್ ಹುಡುಗ. ಎಲ್ಲರಂತೆ ಫೀಜು ಕಟ್ಟಲು ತಾನು ಸಿದ್ಧನಿದ್ದರೂ ಧಾರವಾಡದ ಸರ್ಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲ ಎಂಬುದು ಅವನ ದೂರು. ಅವನು ದಾನ ಬೇಡಲಿಲ್ಲ, ರಿಯಾಯಿತಿ ಕೇಳಲಿಲ್ಲ. ಬೆಂಚಿನ ಮೇಲೆ ಒಂದು ಜಾಗ ಕೇಳಿದ, ಅಷ್ಟೇ.

ಜುಲೈ ತಿಂಗಳಲ್ಲಿ ಸರ್ಕಾರದ ತೀರ್ಮಾನ ಹೊರಬಿತ್ತು. ನ್ಯಾಯವೇನೋ ಹುಡುಗನ ಕಡೆಗೇ ಇದೆ ಎಂದು ಸರ್ಕಾರ ಒಪ್ಪಿಕೊಂಡಿತು. ಆದರೆ ಈತನೊಬ್ಬನನ್ನು ಸೇರಿಸಿಕೊಂಡರೆ ಉಳಿದ ಜಾತಿಗಳ ಮಕ್ಕಳು ಶಾಲೆ ಬಿಟ್ಟಾರು, ಒಬ್ಬನಿಗಾಗಿ ಶಾಲೆಯನ್ನೇ ಕಳೆದುಕೊಳ್ಳುವುದು ಸರಿಯಲ್ಲ ಎಂದು ಹೇಳಿ ಕೈ ತೊಳೆದುಕೊಂಡಿತು. ನ್ಯಾಯ ನಿನ್ನದು, ಜಾಗ ಮಾತ್ರ ನಿನ್ನದಲ್ಲ ಎಂಬುದು ಆ ತೀರ್ಮಾನದ ಸಾರ.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಭಾರತ ಸರ್ಕಾರ ಈ ತೀರ್ಮಾನದ ಬಗ್ಗೆ ತನ್ನ ಅಸಮಾಧಾನವನ್ನು ತಿಳಿಸಿತು. ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿಯೂ ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗಾಗಿ ಇರುವಂಥವು ಎಂದು ಹೇಳಿತು. 1858ರ ಹೊತ್ತಿಗೆ, ಸರ್ಕಾರ ತನ್ನ ಪೂರ್ಣ ವೆಚ್ಚದಲ್ಲಿ ನಡೆಸುವ ಶಾಲೆಗಳು ಯಾವ ಭೇದವೂ ಇಲ್ಲದೆ ಎಲ್ಲ ಪ್ರಜೆಗಳಿಗೂ ತೆರೆದಿರಬೇಕೆಂಬ ನಿಯಮ ಪ್ರಕಟವಾಯಿತು. ಧಾರವಾಡದ ಹುಡುಗನೊಬ್ಬನ ಅರ್ಜಿ ಇಡೀ ಪ್ರಾಂತದ ಶಾಲೆಗಳ ಬಾಗಿಲನ್ನು ಕಾಗದದ ಮೇಲಾದರೂ ತೆರೆಸಿತು.

ತೆರೆದ ಬಾಗಿಲಿನ ಒಳಗೆ

ಕಾಗದದ ಮೇಲೆ ಎಂದು ಏಕೆ ಹೇಳಬೇಕಾಯಿತು? ಆಜ್ಞೆ ಬಾಗಿಲನ್ನು ತೆರೆಯಬಲ್ಲುದು. ಒಳಗೆ ಬಂದ ಮಗುವನ್ನು ಎಲ್ಲಿ ಕೂರಿಸಬೇಕೆಂಬುದನ್ನು ದಿನದಿನವೂ ತೀರ್ಮಾನಿಸುವವರು ಶಿಕ್ಷಕರು. ಎಷ್ಟೋ ಕಡೆ ಅಸ್ಪೃಶ್ಯರೆಂದು ಕರೆಯಲಾದ ಜಾತಿಗಳ ಮಕ್ಕಳು ಜಗಲಿಯ ಮೇಲೆ ಕುಳಿತು, ಕಿಟಕಿಯ ಮೂಲಕ ಪಾಠ ಕೇಳಬೇಕಾಯಿತು. ಹಾಜರಿ ಪುಸ್ತಕದಲ್ಲಿ ಹೆಸರಿತ್ತು, ಆದರೆ ತರಗತಿಯಲ್ಲಿ ಜಾಗವಿರಲಿಲ್ಲ.

ಈ ಸೂಕ್ಷ್ಮವನ್ನು ಸ್ಪಷ್ಟವಾಗಿ ಕಂಡು ಸರ್ಕಾರಕ್ಕೆ ಹೇಳಿದವರು ಪುಣೆಯ ಜ್ಯೋತಿಬಾ ಫುಲೆ. 1848ರಲ್ಲಿಯೇ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದು, ಪತ್ನಿ ಸಾವಿತ್ರಿಬಾಯಿಯವರೊಂದಿಗೆ ಕಲಿಸುವ ಕೆಲಸಕ್ಕೆ ನಿಂತವರು ಅವರು. 1882ರಲ್ಲಿ ವಿಲಿಯಂ ಹಂಟರ್ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಆಯೋಗ ನೇಮಕವಾದಾಗ ಫುಲೆ ಅದಕ್ಕೊಂದು ಹೇಳಿಕೆ ಸಲ್ಲಿಸಿದರು. ಹನ್ನೆರಡು ವರ್ಷ ವಯಸ್ಸಿನವರೆಗಾದರೂ ಶಿಕ್ಷಣ ಕಡ್ಡಾಯವಾಗಬೇಕೆಂದು ಅದರಲ್ಲಿ ಕೇಳಿದ್ದು ಎಲ್ಲರಿಗೂ ತಿಳಿದ ಸಂಗತಿ. ಶಿಕ್ಷಕರ ಬಗ್ಗೆ ಅವರು ಹೇಳಿದ್ದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಆದಷ್ಟೂ ಒಕ್ಕಲು ಮಾಡುವ ಸಮುದಾಯಗಳಿಂದ ಆರಿಸಿ ತರಬೇತಿ ಕೊಡಬೇಕು ಎಂದರು ಫುಲೆ. ಏಕೆಂದರೆ ಅಂಥವರು ಮಕ್ಕಳೊಂದಿಗೆ ಬೆರೆಯುತ್ತಾರೆ, ಅವರ ಕಷ್ಟಸುಖ ಅರಿಯುತ್ತಾರೆ. ಮಡಿಮೈಲಿಗೆಯ ಕಾರಣದಿಂದ ದೂರ ನಿಲ್ಲುವ ಶಿಕ್ಷಕರಿಂದ ಅದು ಆಗದು. ಬೇಕಾದಾಗ ನೇಗಿಲ ಹಿಡಿಯನ್ನೋ ಬಡಗಿಯ ಬಾಚಿಯನ್ನೋ ಹಿಡಿಯಲು ನಾಚದವರು ಶಿಕ್ಷಕರಾಗಬೇಕು ಎಂಬುದು ಅವರ ಆಶಯ. ತರಬೇತಿ ಪಡೆದ ಶಿಕ್ಷಕನಿಗೆ ತಿಂಗಳಿಗೆ 12 ರೂಪಾಯಿಗಿಂತ ಕಡಿಮೆ ಸಂಬಳ ಇರಬಾರದೆಂದೂ ಕೇಳಿದರು. ಅರೆಹೊಟ್ಟೆಯ ಮೇಷ್ಟ್ರು ಮಕ್ಕಳ ಮೇಲೆ ಮನಸ್ಸಿಡುವುದು ಕಷ್ಟವೆಂಬುದನ್ನು ಅವರು ಬಲ್ಲವರಾಗಿದ್ದರು. ಕಟ್ಟಡ, ಪುಸ್ತಕ, ಗ್ರಾಂಟು ಇವುಗಳ ಲೆಕ್ಕಕ್ಕಿಂತ ಮೊದಲು ಶಿಕ್ಷಕರ ಮನಸ್ಸಿನ ಲೆಕ್ಕ ಕೇಳಿದ ಹೇಳಿಕೆ ಅದು.

ಇದೇ ಕಾಲದಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಬೇರೊಂದು ದಾರಿ ಹಿಡಿದರು. ವಕೀಲರಾಗಿದ್ದ ಅವರು 1892ರಲ್ಲಿ ದಲಿತ ಮಕ್ಕಳಿಗಾಗಿಯೇ ಶಾಲೆ ತೆರೆದರು. ಶಾಲೆಗೆ ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರೆಂದು ಕರಾವಳಿಯಲ್ಲಿ ಇಂದಿಗೂ ನೆನೆಯುತ್ತಾರೆ. ಕೂಲಿಗೆ ಹೋಗಬೇಕಾದ ಮಗು ಶಾಲೆಗೆ ಬಂದರೆ ಮನೆಗೆ ಆಗುವ ನಷ್ಟವನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು. ಮಗು ಶಾಲೆಗೆ ಬರದಿದ್ದರೆ ತಪ್ಪು ಮಗುವಿನದೆಂದು ಅವರು ಭಾವಿಸಲಿಲ್ಲ. ಸ್ವಜಾತಿಯವರ ಬಹಿಷ್ಕಾರ ಎದುರಿಸಿಯೂ ಅವರು ಆ ಕೆಲಸ ಬಿಡಲಿಲ್ಲ.

ಸಾತಾರದ ಗೋಣಿತಾಟು

ಈಗ 1900ಕ್ಕೆ ಬರೋಣ. ಧಾರವಾಡದ ಅರ್ಜಿಗೆ 44 ವರ್ಷಗಳಾಗಿದ್ದವು. ಅದೇ ಮುಂಬಯಿ ಪ್ರಾಂತದ ಸಾತಾರದಲ್ಲಿ ಒಂಬತ್ತು ವರ್ಷದ ಭೀಮರಾವ್ ಎಂಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿದ. ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಧಾರವಾಡದ ಹುಡುಗನಿಗೆ ಸಿಗದಿದ್ದುದು ಇವನಿಗೆ ಸಿಕ್ಕಿತ್ತು.

ಒಳಗೆ ಏನಾಯಿತು ಎಂಬುದನ್ನು ಡಾ. ಬಿ. ಆರ್. ಅಂಬೇಡ್ಕರ್ ಅವರೇ ಮುಂದೆ ಬರೆದಿಟ್ಟಿದ್ದಾರೆ. ಅವರು ತರಗತಿಯ ಮೂಲೆಯಲ್ಲಿ ಒಬ್ಬರೇ ಕೂರಬೇಕಾಗಿತ್ತು. ಕೂರಲು ಬೇರೆಯೇ ಒಂದು ಗೋಣಿತಾಟು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುವುದಿಲ್ಲವಾದ್ದರಿಂದ ಸಂಜೆ ಅದನ್ನು ಮನೆಗೆ ಹೊತ್ತು, ಮರುದಿನ ಮತ್ತೆ ತರಬೇಕು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ; ಜವಾನ ನಲ್ಲಿ ತಿರುಗಿಸಿದರೆ ನೀರು, ಜವಾನ ಇಲ್ಲದಿದ್ದರೆ ನೀರಿಲ್ಲ.

ಓದುಗರೇ, ಇದನ್ನು ನಾವು ಸಾಮಾನ್ಯವಾಗಿ ಅವಮಾನದ ಕಥೆಯಾಗಿ ಓದುತ್ತೇವೆ. ಅವಮಾನ ನಿಜ. ಕಲಿಕೆಯ ದೃಷ್ಟಿಯಿಂದಲೂ ಇದನ್ನು ಓದಬೇಕು. ಅಂಬೇಡ್ಕರರ ಜೀವನಚರಿತ್ರೆ ಬರೆದ ಧನಂಜಯ ಕೀರ್ ಅವರು, ಆಗಿನ ಕೆಲವು ಶಿಕ್ಷಕರು ಮೈಲಿಗೆಯ ಭಯದಿಂದ ಇಂಥ ಮಕ್ಕಳ ಪುಸ್ತಕ ಮುಟ್ಟುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿರಲಿಲ್ಲ, ಪದ್ಯ ಹೇಳಿಸುತ್ತಿರಲಿಲ್ಲ ಎಂದು ದಾಖಲಿಸಿದ್ದಾರೆ. ಪುಸ್ತಕ ಮುಟ್ಟದಿದ್ದರೆ ತಪ್ಪು ತಿದ್ದುವವರು ಯಾರು? ಪ್ರಶ್ನೆ ಕೇಳದಿದ್ದರೆ ಮಗುವಿಗೆ ಅರ್ಥವಾಯಿತೋ ಇಲ್ಲವೋ ತಿಳಿಯುವುದು ಹೇಗೆ? ತಿದ್ದುವುದು, ಕೇಳುವುದು, ಹೇಳಿಸುವುದು ಇವು ಮೂರನ್ನೂ ತೆಗೆದರೆ ಬೋಧನೆಯಲ್ಲಿ ಉಳಿಯುವುದು ಬರಿಯ ಸದ್ದು. ಮನೋಭಾವವು ಕಲಿಕೆಯನ್ನು ಕೆಡಿಸುವ ಬಗೆ ಇದು.

ಅದೇ ಕೀರ್ ಅವರು ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನ ಒಂದು ಪ್ರಸಂಗವನ್ನೂ ಹೇಳುತ್ತಾರೆ. ಶಿಕ್ಷಕರು ಲೆಕ್ಕ ಬಿಡಿಸಲು ಭೀಮರಾವನನ್ನು ಬೋರ್ಡಿನ ಬಳಿಗೆ ಕರೆದರು. ಕೂಡಲೇ ತರಗತಿಯಲ್ಲಿ ಗದ್ದಲವೆದ್ದಿತು. ಬೋರ್ಡಿನ ಹಿಂದೆ ಉಳಿದ ಹುಡುಗರ ಊಟದ ಡಬ್ಬಿಗಳಿದ್ದವು. ಅವು ಮೈಲಿಗೆಯಾಗಬಾರದೆಂದು ಎಲ್ಲರೂ ಓಡಿಹೋಗಿ ಎತ್ತಿಕೊಂಡ ಮೇಲೆಯೇ ಅವನ ಕೈಗೆ ಬೋರ್ಡು ಸಿಕ್ಕಿತು. ಈ ಪ್ರಸಂಗದಲ್ಲಿ ಎರಡು ಮನೋಭಾವಗಳಿವೆ. ಒಂದು, ಓಡಿದ ಹುಡುಗರದು. ಇನ್ನೊಂದು, ಕರೆದ ಶಿಕ್ಷಕರದು. ಅವರು ಸುಧಾರಣೆಯ ಭಾಷಣ ಮಾಡಲಿಲ್ಲ. ಒಂದು ಲೆಕ್ಕ ಬಿಡಿಸಲು ಕರೆದರು.

ಹೆಸರು ಉಳಿಸಿದವರು

ಅಂಬೇಡ್ಕರರ ಬಾಲ್ಯದಲ್ಲಿ ಇಂಥ ಶಿಕ್ಷಕರು ಇನ್ನೂ ಕೆಲವರಿದ್ದರು. ಸಾತಾರದಲ್ಲಿ ಒಬ್ಬ ಬ್ರಾಹ್ಮಣ ಶಿಕ್ಷಕರು ತಮ್ಮ ಬುತ್ತಿಯ ರೊಟ್ಟಿ, ಪಲ್ಯವನ್ನು ದಿನವೂ ಅವರಿಗೆ ಕೊಡುತ್ತಿದ್ದರು; ಊರಿನ ಹೆಸರಿನಿಂದ ಬಂದ ಹಳೆಯ ಅಡ್ಡಹೆಸರನ್ನು ಬದಲಾಯಿಸಿ ತಮ್ಮದೇ ಹೆಸರಾದ 'ಅಂಬೇಡ್ಕರ್' ಎಂದು ಶಾಲೆಯ ದಾಖಲೆಯಲ್ಲಿ ಬರೆದರು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಭೀಮರಾವ್ 1907ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದಾಗ, ಶಿಕ್ಷಕರೂ ಲೇಖಕರೂ ಆಗಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅವರು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಉಡುಗೊರೆಯಾಗಿ ಕೊಟ್ಟರು. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ನೆರವು ದೊರೆಯುವಂತೆ ಮಾಡಿದವರೂ ಅವರೇ. ಆ ನೆರವಿನಿಂದಲೇ ಮುಂದೆ 1913ರಲ್ಲಿ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು.

ಆದರೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಕೆಲವರ ಒಳ್ಳೆಯತನವನ್ನು ನೆನೆದು ಉಳಿದದ್ದನ್ನು ಮರೆಯುವಂತಿಲ್ಲ. ಬುತ್ತಿ ಹಂಚಿದ ಶಿಕ್ಷಕರಿದ್ದ ಆ ಊರಿನಲ್ಲಿಯೇ ಗೋಣಿತಾಟು ಇತ್ತು. ಭೀಮರಾವನಿಗೆ ಕೇಳುಸ್ಕರರಂಥವರು ಸಿಕ್ಕರು. ಸಿಗದೆ ಹೋದ ಮಕ್ಕಳ ಲೆಕ್ಕವನ್ನು ಯಾವ ಚರಿತ್ರೆಯೂ ಬರೆದಿಲ್ಲ. ಧಾರವಾಡದ ಆ ಹುಡುಗ ಇನ್ನೇನೇನು ಆಗಬಹುದಾಗಿತ್ತೋ ಯಾರು ಬಲ್ಲರು?

ಗೋಣಿತಾಟಿನ ಮೇಲೆ ಕುಳಿತ ಹುಡುಗ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. 1950ರಲ್ಲಿ ಜಾರಿಗೆ ಬಂದ ಆ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 29ನೆಯ ವಿಧಿಯ ಎರಡನೆಯ ಉಪವಿಧಿ, ಸರ್ಕಾರ ನಡೆಸುವ ಅಥವಾ ಸರ್ಕಾರದ ನೆರವು ಪಡೆಯುವ ಶಾಲೆಯಲ್ಲಿ ಜಾತಿಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದಿತು. ಧಾರವಾಡದ ಅರ್ಜಿಗೆ ಪೂರ್ಣ ಉತ್ತರ ಸಿಗಲು 94 ವರ್ಷ ಬೇಕಾಯಿತು.

ಕಾಣದ ಗೋಣಿತಾಟು

ಹಾಗಾದರೆ ಇದು ಮುಗಿದ ಕಥೆಯೇ? ಇತ್ತೀಚಿನ ಅಧ್ಯಯನಗಳು ಹಾಗೆ ಹೇಳುವುದಿಲ್ಲ.

1968ರಲ್ಲಿ ಅಮೆರಿಕದ ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್‌ಸನ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ಪ್ರಾಥಮಿಕ ಶಾಲೆಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಇವರು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆಂದು ಶಿಕ್ಷಕರಿಗೆ ಹೇಳಿದರು. ವರ್ಷದ ಕೊನೆಗೆ, ಮುಖ್ಯವಾಗಿ ಒಂದು ಮತ್ತು ಎರಡನೆಯ ತರಗತಿಗಳಲ್ಲಿ, ಆ ಮಕ್ಕಳು ನಿಜವಾಗಿಯೂ ಮುಂದೆ ಬಂದಿದ್ದರು. ಈ ಪ್ರಯೋಗದ ಮೇಲೆ ಬಹಳ ಟೀಕೆ ಬಂದಿದೆ. ನಿರೀಕ್ಷೆಯ ಪರಿಣಾಮ ಸಾಮಾನ್ಯವಾಗಿ ಸಣ್ಣದು ಎಂಬುದು ನಂತರದ ವಿಮರ್ಶಕರ ಅಭಿಪ್ರಾಯ. ಆದರೆ ಸಮಾಜ ಮೊದಲೇ ಕೀಳೆಂದು ಕಂಡ ಗುಂಪುಗಳ ಮಕ್ಕಳ ಮೇಲೆ ಅದು ಹೆಚ್ಚಾಗಿರಬಹುದೆಂದೂ ಅವರೇ ಹೇಳುತ್ತಾರೆ.

ನಮ್ಮ ದೇಶದಲ್ಲಿಯೂ ಇಂಥ ಅಧ್ಯಯನಗಳಾಗಿವೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿಯ ಮಾತೆತ್ತದಿದ್ದಾಗ ಮೇಲುಜಾತಿ, ಕೆಳಜಾತಿ ಎನಿಸಿಕೊಂಡ ಹುಡುಗರು ಹೆಚ್ಚುಕಡಿಮೆ ಸಮನಾಗಿ ಬಿಡಿಸಿದರು. ಎಲ್ಲರೆದುರು ಹೆಸರಿನೊಡನೆ ಜಾತಿಯನ್ನೂ ಕೂಗಿದಾಗ ಕೆಳಜಾತಿಯೆನಿಸಿಕೊಂಡ ಹುಡುಗರ ಸಾಧನೆ ಗಮನಾರ್ಹವಾಗಿ ಕುಸಿಯಿತು. ಹುಡುಗರು ಅವರೇ, ಬುದ್ಧಿಯೂ ಅದೇ. ಕೂಗಿದ್ದು ಒಂದೇ ಮಾತು.

ರೇಮಾ ಹನ್ನಾ ಮತ್ತು ಲೀ ಲಿಂಡೆನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಭಾರತದ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಮನಬಂದಂತೆ ಜಾತಿ ನಮೂದಿಸಿ ಶಿಕ್ಷಕರಿಂದ ಮೌಲ್ಯಮಾಪನ ಮಾಡಿಸಿದಾಗ, ಕೆಳಜಾತಿ ಎಂದು ಬರೆದ ಪತ್ರಿಕೆಗಳಿಗೆ ತುಸು ಕಡಿಮೆ ಅಂಕ ಬಂದವು. ವ್ಯತ್ಯಾಸ ಸಣ್ಣದು. ಅಚ್ಚರಿಯೆಂದರೆ, ಆ ಕಡಿಮೆ ಅಂಕಗಳು ಹೆಚ್ಚಾಗಿ ಬಂದದ್ದು ಕೆಳಜಾತಿಯಿಂದಲೇ ಬಂದ ಶಿಕ್ಷಕರ ಕೈಯಿಂದ. ಫುಲೆಯವರ ಸಲಹೆಯನ್ನು ಇದು ತಳ್ಳಿಹಾಕುವುದಿಲ್ಲ. ತಮ್ಮವರು ಶಿಕ್ಷಕರಾಗುವುದು ಇಂದಿಗೂ ಮಕ್ಕಳಿಗೆ ದೊಡ್ಡ ಧೈರ್ಯ. ಆದರೆ ನೂರಾರು ವರ್ಷ ಕೇಳಿಸಿಕೊಂಡ ಕೀಳರಿಮೆ ಕೇಳಿಸಿಕೊಂಡವರ ಮನಸ್ಸಿನಲ್ಲೂ ಮನೆ ಮಾಡಿರಬಹುದು. ಯಾವ ಜಾತಿಯ ಶಿಕ್ಷಕರೂ ತಮ್ಮ ಮನಸ್ಸನ್ನು ತಾವೇ ಪರೀಕ್ಷಿಸಿಕೊಳ್ಳುವುದರಿಂದ ವಿನಾಯಿತಿ ಪಡೆಯಲಾರರು.

2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಒಳ್ಳೆಯದೇ. ಆದರೂ 1858ರ ಪಾಠವನ್ನು ಮರೆಯಬಾರದು. ಬೈದ ಮಾತನ್ನು ಕಾನೂನು ಹಿಡಿಯಬಲ್ಲುದು. ಕೇಳದೆ ಬಿಟ್ಟ ಪ್ರಶ್ನೆಯನ್ನು ಹಿಡಿಯಲಾರದು.

ಈ ಪುಟವನ್ನು ಓದುತ್ತಿರುವ ನೀವು ಶಿಕ್ಷಕರಾಗಿದ್ದರೆ, ನಾಳೆ ಶಾಲೆಯಲ್ಲಿ ಒಂದು ಸಣ್ಣ ಕೆಲಸ ಮಾಡಿ. ದಿನದಲ್ಲಿ ಯಾರ್ಯಾರಿಗೆ ಪ್ರಶ್ನೆ ಕೇಳಿದಿರಿ, ಯಾರನ್ನು ಬೋರ್ಡಿನ ಬಳಿಗೆ ಕರೆದಿರಿ ಎಂದು ಹಾಜರಿ ಪುಸ್ತಕದ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ವಾರದ ಕೊನೆಗೆ ಗುರುತಿಲ್ಲದ ಹೆಸರುಗಳನ್ನು ನೋಡಿ. ನೀವು ತಂದೆ ತಾಯಿಯರಾಗಿದ್ದರೆ ಸಂಜೆ ಮಗುವನ್ನು ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು, ಇವತ್ತು ಮೇಷ್ಟ್ರು ನಿನ್ನನ್ನು ಏನು ಕೇಳಿದರು ಎಂದು ಕೇಳಿ. ಗುರುತಿಲ್ಲದ ಆ ಹೆಸರುಗಳ ಮಕ್ಕಳು ಬೆಂಚಿನ ಮೇಲೆಯೇ ಕುಳಿತಿರಬಹುದು. ಆದರೆ ಅವರ ಕೆಳಗೆ ನಮ್ಮ ಕಣ್ಣಿಗೆ ಕಾಣದ ಒಂದು ಗೋಣಿತಾಟು ಇದೆ. ಅದನ್ನು ತೆಗೆಯಲು ಆಜ್ಞೆ ಬೇಕಿಲ್ಲ. ಆ ಮಗುವನ್ನು ಹೆಸರು ಹಿಡಿದು ಕರೆದು, ಕೈಗೆ ಸೀಮೆಸುಣ್ಣ ಕೊಟ್ಟರೆ ಸಾಕು.